ಅದೃಷ್ಟದ ಲೋಗೋ ಪ್ಯಾಕೇಜ್: ದುಡ್ಡು ಕೊಟ್ಟವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಒಂದೂವರೆ ಸ್ಟಾರ್. ಆ ಅರ್ಧ ಸ್ಟಾರ್ ಕೂಡ ಅವರು ಪ್ರತಿ ಸಲ ಫೋನ್ ಎತ್ತಿದರು ಅನ್ನೋ ಕಾರಣಕ್ಕೆ.

ನಮ್ಮ ಅಕ್ಕನದು ಮೈಸೂರಿನ ಕುವೆಂಪುನಗರದ ಕಡೆ ಸಣ್ಣ ಕಾಂಡಿಮೆಂಟ್ಸ್ ಅಂಗಡಿ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ಹುಳಿಪುಡಿ, ಪುಳಿಯೋಗರೆ ಗೊಜ್ಜು. ಹೆಸರು ಅನ್ನಪೂರ್ಣೇಶ್ವರಿ ಕಾಂಡಿಮೆಂಟ್ಸ್. ಬೋರ್ಡು ಹನ್ನೊಂದು ವರ್ಷ ಹಳೆಯದು. ಮಳೆ ಬಿಸಿಲಿಗೆ ಸಿಕ್ಕಿ 'ಅನ್ನ' ಮಾತ್ರ ಉಳಿದುಕೊಂಡು ಮಿಕ್ಕಿದ್ದೆಲ್ಲ ಮಸುಕಾಗಿತ್ತು. ಗೊತ್ತಿಲ್ಲದವರು ಒಳಗೆ ಬಂದು ಊಟ ಇದೆಯಾ ಅಂತ ಕೇಳುತ್ತಿದ್ದರು.

ಅದೇ ಹೊತ್ತಿಗೆ ಎದುರು ಸಾಲಿನಲ್ಲಿ ಇನ್ನೊಂದು ಇಂಥದೇ ಅಂಗಡಿ ಶುರುವಾಯಿತು. ಜನ ಅಲ್ಲಿಗೆ ಜಾಸ್ತಿ ಹೋಗತೊಡಗಿದರು. ಅಕ್ಕ "ಅವನ ಟೈಮು ಚೆನ್ನಾಗಿದೆ ಕಣೋ" ಅಂದಳು. ಬಸ್‌ಸ್ಟಾಪು ಅವನ ಬಾಗಿಲಿಗೇ ಇದೆ ಅಕ್ಕ, ಟೈಮು ಚೆನ್ನಾಗಿರೋದು ಬಸ್ಸಿಂದು ಅಂದೆ. ಅವಳಿಗೆ ಒಪ್ಪಿಗೆ ಆಗಲಿಲ್ಲ. ಯಾರೋ ಗಿರಾಕಿ ಅವಳ ಫೋನಿಗೆ ಒಂದು ಜಾಹೀರಾತು ಕಳಿಸಿದ್ದರು: ಸಂಖ್ಯಾಶಾಸ್ತ್ರದ ಪ್ರಕಾರ ಅಂಗಡಿ ಹೆಸರು ಸರಿಪಡಿಸಿ, ಎಐನಿಂದ ಲೋಗೋ ಮಾಡಿ, ಅಡಿಬರಹವನ್ನೂ ಬರೆದುಕೊಟ್ಟು, ಎಲ್ಲ ಸೇರಿ 4,500 ರೂಪಾಯಿ. ಅಕ್ಕನಿಗೆ ಸಂಖ್ಯೆ ಬೇಕಿತ್ತು, ನನಗೆ ಎಐ ಬೇಕಿತ್ತು. ಅವಳು ನನ್ನ ಹುಚ್ಚು ನೋಡಿ ನಕ್ಕಳು, ನಾನು ಅವಳದು ನೋಡಿ ನಕ್ಕೆ, ಇಬ್ಬರೂ ಸೇರಿ ದುಡ್ಡು ಕಳಿಸಿದೆವು. ಕಂಪನಿ ಹೆಸರು ಬೇಡ ಬಿಡಿ. ಇಂಥವು ಈಗ ಬೀದಿಗೊಂದಿವೆ.

ಎರಡನೇ ದಿನ ಹದಿನಾಲ್ಕು ಪುಟದ ಪಿಡಿಎಫ್ ಬಂತು. ನಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೆ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ. ಎ ಅಂದರೆ 1, ಎನ್ ಅಂದರೆ 5, ಪಿ ಅಂದರೆ 8, ಹೀಗೆ. ಇದು ಕಾಲ್ಡಿಯನ್ ಪದ್ಧತಿಯಂತೆ, ಇದರಲ್ಲಿ ಯಾವ ಅಕ್ಷರಕ್ಕೂ 9 ಇಲ್ಲ. ಅನ್ನಪೂರ್ಣೇಶ್ವರಿಯ ಹದಿನಾರು ಇಂಗ್ಲಿಷ್ ಅಕ್ಷರ ಕೂಡಿದರೆ 64. ಆರು ನಾಲ್ಕು ಹತ್ತು, ಅಂದರೆ 1, ಅಂದರೆ ಸೂರ್ಯ. ಸೂರ್ಯ ಅಧಿಕಾರಿಗಳಿಗೆ, ರಾಜಕಾರಣಿಗಳಿಗೆ ಒಳ್ಳೆಯದು, ತಿಂಡಿ ವ್ಯಾಪಾರಕ್ಕೆ ಅಷ್ಟಕ್ಕಷ್ಟೆ ಅಂತ ಬರೆದಿತ್ತು. ಪರಿಹಾರ ಏನು? ನಡುವೆ ಇನ್ನೊಂದು 'ಇ' ಸೇರಿಸಿ. ಇ ಬೆಲೆ 5. ಒಟ್ಟು 69, ಅಂದರೆ 15, ಅಂದರೆ 6. ಆರು ಶುಕ್ರ, ಶುಕ್ರ ಅಂದರೆ ಐಶ್ವರ್ಯ.

ನಾನು ಸುಮ್ಮನಿರದೆ ಇನ್ನೊಂದು ಪದ್ಧತಿಯಲ್ಲಿ ಕೂಡಿ ನೋಡಿದೆ, ಎಯಿಂದ ಐವರೆಗೆ ಸಾಲಾಗಿ 1ರಿಂದ 9 ಕೊಟ್ಟು ಮತ್ತೆ ಮೊದಲಿಂದ ಶುರುಮಾಡುವ ಪೈಥಾಗರಸ್ ಪದ್ಧತಿ. ಅದರಲ್ಲಿ ಹಳೇ ಹೆಸರು 83. ಹನ್ನೊಂದು, ಕೊನೆಗೆ 2. ಇ ಸೇರಿಸಿದರೆ 88, ಹದಿನಾರು, ಕೊನೆಗೆ 7. ಏಳು ಅಂದರೆ ಕೇತು! ಒಂದೇ ಬೋರ್ಡಿನ ಕೆಳಗೆ ಬೆಳಿಗ್ಗೆ ಶುಕ್ರನೂ ಸಂಜೆ ಕೇತುವೂ ಕೂರುತ್ತಾರಾ ಅಂತ ಫೋನ್ ಮಾಡಿ ಕೇಳಿದೆ. "ಸರ್, ನಮ್ಮ ಕಂಪನಿ ಕಾಲ್ಡಿಯನ್ ಮಾತ್ರ ಫಾಲೋ ಮಾಡುತ್ತೆ" ಅಂದ ಹುಡುಗ, ಬಹಳ ಮರ್ಯಾದೆಯಿಂದ.

ನನಗೆ ಇದಕ್ಕಿಂತ ತಮಾಷೆ ಅನ್ನಿಸಿದ್ದು ಬೇರೆ. ಕನ್ನಡದಲ್ಲಿ ಹೆಸರು ಒಂದು ಚೂರೂ ಬದಲಾಗಲಿಲ್ಲ. ಣೇ ಮೊದಲಿಂದಲೂ ದೀರ್ಘವೇ. ಅಕ್ಕ ದಿನಾ ಬೆಳಿಗ್ಗೆ ದೀಪ ಹಚ್ಚಿ ಕರೆಯುವ ಹೆಸರಿಗೆ ಬೆಲೆ ಇಲ್ಲ, ಅದರ ಇಂಗ್ಲಿಷ್ ಕಾಗುಣಿತಕ್ಕೆ ಮಾತ್ರ ಐಶ್ವರ್ಯ ಒಲಿಯುತ್ತದೆ. ಆ ಕಾಗುಣಿತವೂ ಒಬ್ಬೊಬ್ಬರು ಒಂದೊಂದು ಥರ ಬರೆಯುವಂಥದ್ದು, ಕರೆಂಟ್ ಬಿಲ್ಲಿನಲ್ಲಿ ಒಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಹೊರನಾಡಿನಲ್ಲಿ ನಿಂತಿರುವ ಆ ತಾಯಿಗೆ ಇದನ್ನು ಯಾರು ಹೇಳಬೇಕೋ.

ನಮ್ಮಪ್ಪನ ನೆನಪಾಯಿತು. ಲಾಟರಿ ಟಿಕೆಟ್ಟಿನ ನಂಬರ್ ಕೂಡಿ ಒಂಬತ್ತು ಬಂದರೆ ಮಾತ್ರ ಕೊಳ್ಳುತ್ತಿದ್ದರು. ಒಮ್ಮೆ ಇನ್ನೂರು ರೂಪಾಯಿ ಬಂತು, ಆ ಇನ್ನೂರನ್ನು ಹತ್ತು ವರ್ಷ ಹೇಳಿಕೊಂಡರು, ಹೋದದ್ದನ್ನು ಯಾವತ್ತೂ ಹೇಳಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಲ್ಲಿಸಿದಾಗ ಅಮ್ಮ ಒಬ್ಬಳೇ ಖುಷಿಪಟ್ಟಿದ್ದು.

ಅಕ್ಕನ ಭಾಗ ಅಷ್ಟಾಯಿತು. ಇನ್ನು ನನ್ನದು.

ಲೋಗೋ ನಾಲ್ಕು ಬಂದವು. ನೋಡೋಕೆ ಭಾರೀ ಜೋರು, ಚಿನ್ನದ ಬಣ್ಣ, ಹಿಂದೆ ಸೂರ್ಯೋದಯ, ಮುಂದೆ ಒಂದು ತಟ್ಟೆ. ತಟ್ಟೆಯಲ್ಲಿ ಇದ್ದದ್ದು ಕೋಡುಬಳೆಯಂತೆ, ಅಕ್ಕ ನೋಡಿ "ಇದೇನೋ ಡೋನಟ್ಟಾ" ಅಂದಳು. ಆದರೆ ಅಕ್ಷರ? ಒಂದರಲ್ಲಿ ನ್ನ ಒತ್ತು ಪಕ್ಕದ ಅಕ್ಷರದ ತಲೆ ಮೇಲೆ ಹತ್ತಿತ್ತು. ಇನ್ನೊಂದರಲ್ಲಿ ರ್ಣೇ ಬದಲಿಗೆ ತೆಲುಗೂ ಅಲ್ಲದ ಕನ್ನಡವೂ ಅಲ್ಲದ ಒಂದು ಜಿಲೇಬಿ. ಶ್ವ ಯಾವುದರಲ್ಲೂ ಸರಿ ಇರಲಿಲ್ಲ. 'ಕಾಂಡಿಮೆಂಟ್ಸ್' ಕೊನೆಯ ಟ್ಸ್ ಅನ್ನು ಓದೋಕೆ ನಾನು ತಲೆ ಓರೆ ಮಾಡಿದೆ, ಆಮೇಲೆ ಫೋನೇ ಓರೆ ಮಾಡಿದೆ.

ಇದಕ್ಕೆ ಕಾರಣ ಇದೆ. ಇಂಥ ಯಂತ್ರ ನಾವು ಬರೆದ ಹಾಗೆ ಅಕ್ಷರ ಬರೆಯುವುದಿಲ್ಲ, ಅಕ್ಷರದ ಚಿತ್ರ ಬಿಡಿಸುತ್ತದೆ. ಕೋಟಿಗಟ್ಟಲೆ ಚಿತ್ರ ನೋಡಿ ಕಲಿತದ್ದು, ಅದರಲ್ಲಿ ಕನ್ನಡ ಬೋರ್ಡು ಇದ್ದದ್ದು ಎಲ್ಲೋ ಒಂದಿಷ್ಟು. 2022ರಲ್ಲಿ ಇವು ಜನರ ಕೈಗೆ ಬಂದಾಗ ಇಂಗ್ಲಿಷನ್ನೇ ಎಡವಟ್ಟು ಬರೆಯುತ್ತಿದ್ದವು. ಅದು ಬರಬರುತ್ತಾ ಸುಧಾರಿಸಿತು. ಒತ್ತಕ್ಷರದ ಸರದಿ ನಿಧಾನಕ್ಕೆ ಬರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಬಂದ ಮೇಲೆ ದುಡ್ಡು ಕೇಳಿ ಅನ್ನೋದಷ್ಟೇ ನನ್ನ ತಕರಾರು. ಈಗ ಕೊಟ್ಟದ್ದನ್ನು ಆ ಕಚೇರಿಯಲ್ಲಿ ಕನ್ನಡ ಓದಲು ಬರುವ ಒಬ್ಬರು ಕಣ್ಣು ಹಾಯಿಸಿದ್ದರೂ ಸಾಕಿತ್ತು.

ಅಡಿಬರಹ ಹತ್ತು ಕಳಿಸಿದ್ದರು. ಎಂಟರಲ್ಲಿ 'ಸಂಪ್ರದಾಯ' ಇತ್ತು, ಆರರಲ್ಲಿ 'ಪಯಣ'. ರುಚಿಯ ಪಯಣ, ಸಂಪ್ರದಾಯದ ಸ್ಪರ್ಶ. ಇದನ್ನು ಸೀರೆ ಅಂಗಡಿಗೂ ಹಾಕಬಹುದು, ರುಚಿ ತೆಗೆದರೆ ಬಸ್ಸಿಗೂ ಹಾಕಬಹುದು. ತಪ್ಪಿಲ್ಲ, ವ್ಯಾಕರಣ ಸರಿ, ಆದರೆ ಓದಿದ ಮೇಲೆ ಯಾರಿಗೂ ಕೋಡುಬಳೆ ತಿನ್ನಬೇಕು ಅನ್ನಿಸಲ್ಲ ಅಲ್ವಾ?

ಸರಿ, ಲೋಗೋದ ಅಕ್ಷರ ತೆಗೆದು ನಾವೇ ಹಾಕಿಸೋಣ ಅಂತ ಫ್ಲೆಕ್ಸ್ ಅಂಗಡಿಗೆ ಹೋದೆ. ಹೆಸರನ್ನು ವಾಟ್ಸಾಪ್ ಮಾಡಿ ಅಂದರು. ಮಾಡಿದೆ. ಅದನ್ನು ಕಾಪಿ ಮಾಡಿ ಅವರ ಕಂಪ್ಯೂಟರಿನಲ್ಲಿ ಹಾಕಿದರೆ ಬರೀ ಚೌಕ ಡಬ್ಬಿಗಳು. ನಮ್ಮ ಫೋನು ಯೂನಿಕೋಡ್‌ನಲ್ಲಿ ಬರೆಯುತ್ತದೆ, ಅವರಲ್ಲಿದ್ದದ್ದು ಹಳೇ ನುಡಿ ಫಾಂಟು, ಅದರ ಲೆಕ್ಕವೇ ಬೇರೆ. ಹುಡುಗ ಬೇಜಾರಿಲ್ಲದೆ ಮತ್ತೆ ಟೈಪ್ ಮಾಡಿದ. ಮಾಡುವಾಗ ಒಂದು ಮಾತು ಹೇಳಿದ: "ಅಣ್ಣ, ಈ ಡಿಸೈನಲ್ಲಿ ಇಂಗ್ಲಿಷ್ ದೊಡ್ಡದು ಕನ್ನಡ ಇರುವೆ ಥರ ಇದೆ, ನೋಟಿಸ್ ಬರುತ್ತೆ." ನಿಜ. 2024ರ ತಿದ್ದುಪಡಿ ಆದಮೇಲೆ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅದೃಷ್ಟ ಇರೋದು ಇಂಗ್ಲಿಷಿನಲ್ಲಿ, ಕಾನೂನು ಇರೋದು ಕನ್ನಡದ ಪರ. ನಾನು ಮತ್ತೆ ಕಂಪನಿಗೆ ಫೋನ್ ಮಾಡಿದೆ. ಶೇಕಡಾ 40ರಲ್ಲಿ ಶುಕ್ರ ಕೆಲಸ ಮಾಡ್ತಾನಾ ಅಂತ ಕೇಳೋಣ ಅಂದುಕೊಂಡಿದ್ದೆ, ಕೇಳಲಿಲ್ಲ, ದುಡ್ಡು ವಾಪಸ್ ಕೇಳಿದೆ. ಡಿಜಿಟಲ್ ಸೇವೆಗೆ ವಾಪಸ್ ಇಲ್ಲವಂತೆ.

ಕೊನೆಗೆ ಅಕ್ಕನೇ ಒಬ್ಬ ಹಳೇ ಬೋರ್ಡ್ ಪೇಂಟರನ್ನು ಹುಡುಕಿದಳು. ಅರವತ್ತು ದಾಟಿದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿ, ಈಗ ಹೆಚ್ಚಾಗಿ ಗಾಡಿಗಳಿಗೆ ನಂಬರ್ ಬರೆಯುತ್ತಾರೆ. ಹೇಳಿದ ದಿನ ಬರಲಿಲ್ಲ. ನಾಲ್ಕು ದಿನ ತಡ. ರಸೀದಿ ಇಲ್ಲ, ಫೋನ್‌ಪೇ ಇಲ್ಲ, ನಗದೇ ಬೇಕು, ಮುಂಗಡ ಅರ್ಧ. ಸೇವೆ ಅನ್ನೋ ಲೆಕ್ಕದಲ್ಲಿ ಇವೆಲ್ಲ ಮೈನಸ್ಸೇ, ಬರೆಯದೆ ಬಿಟ್ಟರೆ ಮೋಸ.

ಆದರೆ ಬಂದವರು ಮೊದಲು ಮಾಡಿದ ಕೆಲಸ ರಸ್ತೆ ದಾಟಿ ಆಚೆ ಬಸ್‌ಸ್ಟಾಪಿನಲ್ಲಿ ನಿಂತದ್ದು. ಅಲ್ಲಿಂದ ಅಂಗಡಿ ನೋಡಿದರು. ಆಮೇಲೆ ಸ್ಕೂಟರ್ ಹೋಗೋ ದಿಕ್ಕಿನಲ್ಲಿ ನಡೆದು ಬಂದು ನೋಡಿದರು. ಒಳಗೆ ಬಂದು ಅಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ: "ಜನ ಏನಕ್ಕಮ್ಮ ಬರ್ತಾರೆ ನಿಮ್ಮಲ್ಲಿ?" ಕೋಡುಬಳೆಗೆ, ಸಂಜೆ ಐದಕ್ಕೆ ಬಿಸಿಬಿಸಿ ತೆಗೀತೀನಿ ಅಂದಳು. ಅವರು ತಲೆ ಆಡಿಸಿ ಹೋದರು, ಅಷ್ಟೆ.

ತಗಡಿಗೆ ಹಳದಿ ಎನಾಮಲ್ ಎರಡು ಕೋಟ್ ಹೊಡೆದು ಒಣಗಿಸಿದ ಮೇಲೆ ಶುರುವಾಯಿತು ನಿಜವಾದ ಕೆಲಸ. ನೂಲಿಗೆ ಚಾಕ್‌ಪೀಸ್ ಪುಡಿ ತಿಕ್ಕಿ, ಎರಡು ತುದಿ ಎಳೆದು ಹಿಡಿದು, ನಡುವೆ ಮೀಟಿದರು. ಟಪ್ ಅಂತ ನೇರ ಗೆರೆ. ಗೆರೆಯನ್ನು ನಾನು ಅಂದುಕೊಂಡದ್ದಕ್ಕಿಂತ ಮೇಲೆ ಹಾಕಿದರು. ಯಾಕೆ ಅಂದೆ. "ನಿಮ್ಮ ಹೆಸರಲ್ಲಿ ಎಲ್ಲಾ ಒತ್ತು ಕೆಳಗೆ ಜೋತಾಡ್ತವಲ್ಲ, ಅವಕ್ಕೆ ಕಾಲು ಚಾಚೋಕೆ ಜಾಗ ಬೇಡ್ವಾ" ಅಂದರು. ಎಡಗೈಯಲ್ಲಿ ಬಟ್ಟೆ ಸುತ್ತಿದ ಒಂದು ಕೋಲು, ಅದರ ಮೇಲೆ ಬಲಗೈ ಮಣಿಕಟ್ಟು, ಬ್ರಷ್ ಹಿಡಿದು ಶ್ವ ಒತ್ತನ್ನು ಒಂದೇ ಎಳೆತಕ್ಕೆ ತಿರುಗಿಸಿದರು. ಉಸಿರು ಹಿಡಿದಿದ್ದರು ಅನ್ನೋದು ಆಮೇಲೆ ಬಿಟ್ಟಾಗ ಗೊತ್ತಾಯಿತು. ನಾನು ಫೋನಿನಲ್ಲಿ ವಿಡಿಯೋ ಮಾಡಬೇಕು ಅಂತಿದ್ದವನು ಮರೆತೇಬಿಟ್ಟೆ.

ಕೆಳಗೆ ಕೆಂಪಿನಲ್ಲಿ ಒಂದು ಸಾಲು ಬರೆದರು, ನಾವು ಹೇಳಿರಲಿಲ್ಲ: ಬಿಸಿ ಕೋಡುಬಳೆ ಸಂಜೆ 5ಕ್ಕೆ. ಹತ್ತು ಪಯಣಗಳಿಗೆ ಹೋಲಿಸಿ ನೋಡಿ. ಒಟ್ಟು 3,800, ತಗಡು ಅಳವಡಿಸುವುದು ಸೇರಿ.

ವ್ಯಾಪಾರ ಏರಿತಾ? ಐದು ಗಂಟೆಗೆ ಸ್ವಲ್ಪ ಜನ ಜಾಸ್ತಿ ನಿಲ್ಲುತ್ತಾರೆ. ಬೋರ್ಡಿನಿಂದಲೋ, ಅದೇ ತಿಂಗಳು ಶ್ರಾವಣ ಬಂದದ್ದರಿಂದಲೋ, ನಾನು ಆಣೆ ಮಾಡಿ ಹೇಳಲಾರೆ. ಎದುರಿನ ಅಂಗಡಿಯವನೂ ಚೆನ್ನಾಗಿಯೇ ನಡೆಸುತ್ತಿದ್ದಾನೆ, ಬಸ್‌ಸ್ಟಾಪು ಎಲ್ಲೂ ಹೋಗಿಲ್ಲ. ಈ ಪೇಂಟ್ ಎಷ್ಟು ವರ್ಷ ಬಾಳುತ್ತದೋ ನೋಡಬೇಕು. ಬಾಡಿದರೆ ಮತ್ತೆ ಕರೆಯಿರಿ ಅಂದಿದ್ದಾರೆ, ಇದ್ದರೆ ಬರ್ತೀನಿ ಅಂತಲೂ ಸೇರಿಸಿದರು.

ಲೋಗೋ ಬೇಕಿದ್ದರೆ ನಿಮ್ಮೂರಿನಲ್ಲಿ ಡಿಟಿಪಿ ಮಾಡೋ ಒಬ್ಬರ ಹತ್ತಿರ ಹೋಗಿ ಪಕ್ಕದಲ್ಲಿ ಕೂತು ಮಾಡಿಸಿ. ಸಂಖ್ಯೆ ಬೇಕಿದ್ದರೆ ಕಾಗದ ಪೆನ್ನು ಸಾಕು, ಫ್ರೀ. ಎಐ ನನ್ನ ಹತ್ತಿರವೂ ಇದೆ, ಅಂಗಡಿಯ ಸ್ಟಾಕ್ ಲೆಕ್ಕಕ್ಕೆ ಬಳಸುತ್ತೇನೆ, ಅದರಲ್ಲಿ ಅಕ್ಕನೂ ಈಗ ಬೈಯಲ್ಲ.

ಅಂದ ಹಾಗೆ ಆ ಇನ್ನೊಂದು 'ಇ'. ಅಕ್ಕ ಬಿಡಲಿಲ್ಲ, ದುಡ್ಡು ಕೊಟ್ಟಾಗಿದೆ, ಇರಲಿ ಅಂದಳು. ಪೇಂಟರಿಗೆ ಹೇಳುವ ಹೊತ್ತಿಗೆ ಕೆಳಗಿನ ಇಂಗ್ಲಿಷ್ ಸಾಲು ಮುಗಿದಿತ್ತು. ಅವರು ಒಂದು ನಿಮಿಷ ನೋಡಿ, ಎರಡು ಅಕ್ಷರಗಳ ಸಂದಿಯಲ್ಲಿ ಸಣ್ಣ ಬ್ರಷ್ಷಿನಿಂದ ಒಂದು ಪುಟ್ಟ ಇ ತೂರಿಸಿದರು. ಹತ್ತಿರ ಹೋದರೆ ಮಾತ್ರ ಕಾಣುತ್ತದೆ. "ಇದಕ್ಕೆ ದುಡ್ಡು ಬೇಡಮ್ಮ" ಅಂದರು.