ನೆಟ್‌ವರ್ಕ್ ಆಸ್ಪತ್ರೆ ಅಂದ ಮಾತ್ರಕ್ಕೆ ಸರ್ಜನ್ ಫೀಸು ಕ್ಯಾಶ್‌ಲೆಸ್ ಆಗಲ್ಲ

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಗೊತ್ತಾಗಿದ್ದರೆ, ಆಸ್ಪತ್ರೆಗೆ ಸೇರಿಸುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಇನ್ಶೂರೆನ್ಸ್ ಕಂಪನಿಯ ಆ್ಯಪ್‌ನಲ್ಲಿ ಕಾಣುವ ನೆಟ್‌ವರ್ಕ್ ಪಟ್ಟಿ, ಅಂದರೆ ಕಂಪನಿಯೇ ನೇರವಾಗಿ ಬಿಲ್ ಕಟ್ಟುವ (ಕ್ಯಾಶ್‌ಲೆಸ್) ಕಡೆಗಳ ಪಟ್ಟಿ, ಆಸ್ಪತ್ರೆಗಳದ್ದು. ಆಪರೇಷನ್ ಮಾಡುವ ಡಾಕ್ಟರ ಹೆಸರು ಅದರಲ್ಲಿ ಇರುವುದಿಲ್ಲ. ಈ ಸಂದಿಯಲ್ಲೇ ನಮ್ಮ 35,000 ರೂಪಾಯಿ ಹೋಯಿತು.

ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಮೈಸೂರಿನಲ್ಲಿ ಪರಿಚಯದವರೆಲ್ಲ ಒಬ್ಬರೇ ಸರ್ಜನ್ ಹೆಸರು ಹೇಳಿದರು, ಕೈಗುಣ ಒಳ್ಳೆಯದು ಅಂತ. ನಿಜಕ್ಕೂ ಒಳ್ಳೆಯದೇ, ಅಮ್ಮ ಈಗ ಆರಾಮಾಗಿದ್ದಾರೆ. ಆದರೆ ಆ ಡಾಕ್ಟರು ಒಂದೇ ಆಸ್ಪತ್ರೆಯವರಲ್ಲ, ಎರಡು ಮೂರು ಕಡೆ ಆಪರೇಷನ್ ಮಾಡುತ್ತಾರೆ. ಅವುಗಳಲ್ಲಿ ನಮ್ಮ ಪಾಲಿಸಿಯ ಪಟ್ಟಿಯಲ್ಲಿದ್ದ ಆಸ್ಪತ್ರೆಯನ್ನೇ ಆರಿಸಿಕೊಂಡೆವು. ಅಲ್ಲಿನ ಇನ್ಶೂರೆನ್ಸ್ ಡೆಸ್ಕ್‌ನವರು ಕಾರ್ಡ್ ನೋಡಿ, 'ಎಲ್ಲಾ ಕ್ಯಾಶ್‌ಲೆಸ್ ಸರ್, ಏನೂ ಟೆನ್ಷನ್ ಮಾಡ್ಕೋಬೇಡಿ' ಅಂದರು.

ಆಪರೇಷನ್ ಹಿಂದಿನ ರಾತ್ರಿ ಒಬ್ಬರು ವಾರ್ಡಿಗೆ ಬಂದರು. ಅಮ್ಮನ ಕೈಗೆ ಆಗಲೇ ಸೂಜಿ ಚುಚ್ಚಿ ಡ್ರಿಪ್ ಹಾಕಿದ್ದರು. ನನ್ನನ್ನು ಹೊರಗೆ ಕರೆದು ಚಿಕ್ಕ ಚೀಟಿ ಕೊಟ್ಟರು. ಅದರಲ್ಲಿ ಡಾಕ್ಟರ ಫೀಸು, ಕೆಳಗೆ ಒಂದು ಯುಪಿಐ ನಂಬರ್. 'ಡಾಕ್ಟರ್ ಸರ್ ನಮ್ಮ ಆಸ್ಪತ್ರೆಯವರಲ್ಲ, ವಿಸಿಟಿಂಗ್. ಅವರದ್ದು ಇನ್ಶೂರೆನ್ಸ್‌ಗೆ ಬರಲ್ಲ. ಬೆಳಿಗ್ಗೆ ಆರಕ್ಕೆ ಓಟಿ ಇದೆ, ಅಷ್ಟರಲ್ಲಿ ಹಾಕಿಬಿಡಿ.' ಅಂಥ ಹೊತ್ತಲ್ಲಿ ಯಾರು ತಾನೇ ವಾದ ಮಾಡುತ್ತಾರೆ? ಅವರಿಗೂ ಅದು ಚೆನ್ನಾಗಿ ಗೊತ್ತು. ಹಾಕಿದೆವು. ಡಾಕ್ಟರ ಲೆಟರ್‌ಹೆಡ್ ಮೇಲೆ ಕೈಯಲ್ಲಿ ಬರೆದ ರಸೀದಿ ಸಿಕ್ಕಿತು.

ಅದನ್ನೇ ಇಟ್ಟುಕೊಂಡು ರಿಇಂಬರ್ಸ್‌ಮೆಂಟ್ (ಕೊಟ್ಟ ಹಣ ವಾಪಸ್) ಕೇಳಿದರೆ ಇನ್ಶೂರೆನ್ಸ್ ಕಂಪನಿಯವರು ಆಗಲ್ಲ ಅಂದರು. ನಮ್ಮ ಪಾಲಿಸಿಯಲ್ಲಿ ಹೀಗೊಂದು ಷರತ್ತಿದೆ: ಸರ್ಜನ್ ಅಥವಾ ಅನಸ್ತೇಷಿಯಾ ಡಾಕ್ಟರ ಫೀಸು ಆಸ್ಪತ್ರೆಯ ಬಿಲ್‌ನಲ್ಲಿ ಸೇರಿರದಿದ್ದರೆ ನಂಬರ್ ಇರುವ ಬಿಲ್ ಬೇಕು, ಲೆಟರ್‌ಹೆಡ್ ಚೀಟಿ ನಡೆಯಲ್ಲ. ಇಂಥ ಷರತ್ತು ಬೇರೆ ಪಾಲಿಸಿಗಳಲ್ಲೂ ಇರುತ್ತದೆ, ನಿಮ್ಮದನ್ನು ತೆಗೆದು ನೋಡಿ.

ಹೊಟ್ಟೆ ಉರಿದದ್ದು ಆಮೇಲೆ. ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಗೆ ಇಮೇಲ್ ಬರೆದು ಕ್ಯಾಶ್‌ಲೆಸ್ ಒಪ್ಪಿಗೆ ಪತ್ರದ ಪ್ರತಿ ತರಿಸಿಕೊಂಡೆವು. ಆಸ್ಪತ್ರೆ ಅದನ್ನು ನಮಗೆ ತೋರಿಸಿಯೇ ಇರಲಿಲ್ಲ. ಆಪರೇಷನ್‌ಗೆ ಕೊಟ್ಟದ್ದು ಪ್ಯಾಕೇಜ್ ದರ, ಅದರಲ್ಲಿ ಸರ್ಜನ್ ಫೀಸೂ ಸೇರಿತ್ತು! ಕೆಳಗಿನ ಷರತ್ತುಗಳಲ್ಲಿ ಇನ್ನೂ ಒಂದು ಸಾಲು: ಒಪ್ಪಿಕೊಂಡ ಪ್ಯಾಕೇಜ್‌ಗಿಂತ ಜಾಸ್ತಿ ಹಣವನ್ನು ಆಸ್ಪತ್ರೆ ರೋಗಿಯಿಂದ ವಸೂಲಿ ಮಾಡಬಾರದು, ಪಾಲಿಸಿಗೆ ಸೇರದ ಖರ್ಚುಗಳನ್ನು ಬಿಟ್ಟು. ಅಂದರೆ ಒಂದೇ ಆಪರೇಷನ್‌ಗೆ ಫೀಸು ಎರಡು ಕಡೆಯಿಂದ. ಇನ್ಶೂರೆನ್ಸ್ ಕಂಪನಿಯನ್ನು ಬೈಯುವುದು ನಮಗೆಲ್ಲ ರೂಢಿ. ಈ ಸಲ ಜಾಸ್ತಿ ತಪ್ಪು ಆಸ್ಪತ್ರೆಯದ್ದು ಅಂತಲೇ ನನ್ನ ಲೆಕ್ಕ.

ಹಾಗಾಗಿ ಡಾಕ್ಟರನ್ನು ಮೊದಲ ಸಲ ನೋಡಿದಾಗಲೇ ನೇರವಾಗಿ ಕೇಳಿ: 'ಈ ಆಸ್ಪತ್ರೆಯಲ್ಲಿ ನಮ್ಮ ಪಾಲಿಸಿ ಮೇಲೆ ಮಾಡಿದರೆ ನಿಮ್ಮ ಫೀಸು ಆಸ್ಪತ್ರೆ ಬಿಲ್‌ನಲ್ಲೇ ಬರುತ್ತದಾ, ಬೇರೆಯಾ?' ಸಂಕೋಚ ಬೇಡ. ಕ್ಯಾಶ್‌ಲೆಸ್ ಒಪ್ಪಿಗೆ ಕೇಳಿ ಆಸ್ಪತ್ರೆಯವರು ಕಳಿಸುವ ಪ್ರೀ-ಆಥರೈಸೇಷನ್ ಫಾರಂನಲ್ಲಿ ಸರ್ಜನ್ ಮತ್ತು ಅನಸ್ತೇಷಿಯಾ ಫೀಸಿಗೆ ಒಂದು ಸಾಲು, ಪ್ಯಾಕೇಜ್‌ಗೆ ಇನ್ನೊಂದು ಸಾಲು ಇರುತ್ತದೆ. ಸಹಿ ಹಾಕುವ ಮುಂಚೆ ಅವೆರಡನ್ನೂ ನೋಡಿ, ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ಸುಮ್ನೆ ಖಾಲಿ ಫಾರಂಗೆ ಸಹಿ ಹಾಕಬೇಡಿ. ಆಸ್ಪತ್ರೆ ಪಟ್ಟಿಯಲ್ಲಿದೆಯೋ ಇಲ್ಲವೋ ಅನ್ನುವುದನ್ನು ಇನ್ಶೂರೆನ್ಸ್ ಕಂಪನಿಗೇ ಇಮೇಲ್ ಹಾಕಿ ಕೇಳಿ, ಬ್ರಾಂಚ್ ಹೆಸರಿನ ಸಮೇತ. ಒಂದೇ ಹೆಸರಿನ ಆಸ್ಪತ್ರೆಯ ಒಂದು ಬ್ರಾಂಚ್ ಒಳಗೆ, ಇನ್ನೊಂದು ಹೊರಗೆ ಇರಬಹುದು.

ನಿಮಗೆ ಬೇಕಾದ ಡಾಕ್ಟರು ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲಿದ್ದರೂ ದಾರಿ ಇದೆ. 2024ರ ಜನವರಿಯಿಂದ 'ಕ್ಯಾಶ್‌ಲೆಸ್ ಎವೆರಿವೇರ್' ಅಂತ ಬಂದಿದೆ, ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಾದ ಆಪರೇಷನ್ ಆದರೆ ಸೇರುವ 48 ಗಂಟೆ ಮುಂಚೆ, ತುರ್ತಾದರೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು, ಅಲ್ಲೇ ಕಷ್ಟ. ಆದರೆ ಕೇಳಲು ಅಡ್ಡಿಯೇನು, ಅಲ್ವಾ?

'ಅಪ್ರೂವಲ್ ಬಂದಿಲ್ಲ, ಮೊದಲು ದುಡ್ಡು ಕಟ್ಟಿ' ಅಂತ ಅವಸರ ಮಾಡಿದರೂ ಹೆದರಬೇಡಿ. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐಯ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆ. ಆ ಮೂರು ಗಂಟೆ ಮೀರಿದ್ದರಿಂದ ಆಸ್ಪತ್ರೆ ಹೆಚ್ಚಿಗೆ ಬಿಲ್ ಮಾಡಿದರೆ ಅದು ಕಂಪನಿಯ ತಲೆಗೆ.

ನಾವು ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇವೆ, ಆಸ್ಪತ್ರೆಗೂ ಒಂದು ಪ್ರತಿ ಹೋಗಿದೆ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಕಂಪನಿ ಮೇಲಿನ ದೂರು ಕೇಳಿ ತೀರ್ಮಾನ ಕೊಡುವವರು) ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಅದು ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಡ. ಐಆರ್‌ಡಿಎಐ ಸಹಾಯವಾಣಿ 155255. ಹೀಗೆ ಈಗಾಗಲೇ ದುಡ್ಡು ಕೊಟ್ಟವರು ಆ ಲೆಟರ್‌ಹೆಡ್ ಚೀಟಿಯನ್ನು ಎಸೆಯಬೇಡಿ. ಕ್ಲೇಮಿಗೆ ಅದು ನಡೆಯದಿದ್ದರೂ, ಯುಪಿಐ ಸ್ಕ್ರೀನ್‌ಶಾಟ್ ಜೊತೆ ಇಟ್ಟರೆ ದೂರಿಗೆ ಸಾಕ್ಷಿ ಆಗುತ್ತದೆ.