ಅನುಪಾತ ಕಲಿಸಲು ಬಣ್ಣದ ಕಡ್ಡಿಗಳು: ಆರರಿಂದ ಎಂಟನೇ ತರಗತಿಗೆ ಕೊಳ್ಳಬಹುದೇ?

ಕ್ವಿಸನೇರ್ ಕಡ್ಡಿಗಳನ್ನು ಹೆಚ್ಚಿನವರು ಒಂದನೇ, ಎರಡನೇ ತರಗತಿಯ ಕೂಡಿಸುವ ಲೆಕ್ಕಕ್ಕೆಂದು ತಂದು, ಆಮೇಲೆ ಅಟ್ಟಕ್ಕೆ ಹಾಕುತ್ತಾರೆ. ಅವು ಕೊಟ್ಟ ದುಡ್ಡಿಗೆ ನಿಜವಾಗಿ ಬಾಳುವುದು ‘ಅನುಪಾತ ಮತ್ತು ಸಮಾನುಪಾತ’ ಶುರುವಾದಾಗ. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸನೇರ್ ರೂಪಿಸಿದ ಈ ಕಡ್ಡಿಗಳು 1ರಿಂದ 10 ಸೆಂ.ಮೀ.ವರೆಗಿನ ಹತ್ತು ಅಳತೆಯವು, ಅಳತೆಗೊಂದು ಬಣ್ಣ. 74 ಕಡ್ಡಿಗಳ ಪೆಟ್ಟಿಗೆಯಲ್ಲಿ ಬಿಳಿ (1) 22, ಕೆಂಪು (2) 12, ತಿಳಿಹಸಿರು (3) 10, ನೇರಳೆ (4) 6, ಉಳಿದ ಆರು ಬಣ್ಣಗಳು ನಾಲ್ಕು ನಾಲ್ಕು. ಇದು ಇಬ್ಬರು ಮಕ್ಕಳಿಗೆ ಸಾಕು, ಇಡೀ ತರಗತಿಗೆ ಸಾಲದು.

ಸಿಂಧನೂರು, ಗಂಗಾವತಿ ಕಡೆಯ ಮಕ್ಕಳಿಗೆ ರೈಸ್ ಮಿಲ್ಲಿನ ಲೆಕ್ಕದಿಂದ ಆರಂಭಿಸಿ. ಮೂರು ಕ್ವಿಂಟಲ್ ಭತ್ತಕ್ಕೆ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಅಕ್ಕಿ. ಆರು ಕ್ವಿಂಟಲಿಗೆ ಎಷ್ಟು ಎಂದರೆ ಎಷ್ಟೋ ಮಕ್ಕಳು ಐದು ಅಂದುಬಿಡುತ್ತಾರೆ: ಮೊದಲು ಒಂದು ಕಡಿಮೆ ಇತ್ತು, ಈಗಲೂ ಒಂದು ಕಡಿಮೆ. ತಿಳಿಹಸಿರಿನ ಕೆಳಗೆ ಕೆಂಪು ಇಟ್ಟು, ಅಂಥದೇ ಇನ್ನೊಂದು ಜೋಡಿಯನ್ನು ಮುಂದಕ್ಕೆ ಸೇರಿಸಲಿ. ಮೇಲಿನ ಸಾಲು 6, ಕೆಳಗಿನದು 4. ವ್ಯತ್ಯಾಸ ಎರಡಾಯಿತು, 3:2 ಮಾತ್ರ ಹಾಗೇ ಇದೆ.

ಇದಕ್ಕಿಂತ ಒಳ್ಳೆಯ ಬಳಕೆ ಗ್ರಾಫ್ ಹಾಳೆಯ ಮೇಲೆ. 1 ಸೆಂ.ಮೀ. ಚೌಕದ ಹಾಳೆಯಲ್ಲಿ ಅಡ್ಡಕ್ಕೆ ಭತ್ತ, ಉದ್ದಕ್ಕೆ ಅಕ್ಕಿ. 3ರ ಗೆರೆಗೆ ಕೆಂಪು, 6ಕ್ಕೆ ನೇರಳೆ, 9ಕ್ಕೆ ಕಡುಹಸಿರು (6) ಕಡ್ಡಿಯನ್ನು ಗೆರೆಯುದ್ದಕ್ಕೂ ಮಲಗಿಸಿ. ಕಡ್ಡಿಗೇ 1 ಸೆಂ.ಮೀ. ಅಗಲ ಇರುವುದರಿಂದ ಎಲ್ಲವುಗಳ ಎಡ ಅಂಚನ್ನೇ ಗೆರೆಗೆ ಹೊಂದಿಸಬೇಕು. ಒಂದನ್ನು ಬಲ ಅಂಚಿಗೆ ಇಟ್ಟರೂ ಗೆರೆ ಕೆಡುತ್ತದೆ. ಮೇಲಿನ ಎಡ ಮೂಲೆಗಳಿಗೆ ಸ್ಕೇಲ್ ತಾಗಿಸಿದರೆ ಅದು ಮೂಲಬಿಂದುವಿಗೆ (ಎರಡೂ ಅಕ್ಷಗಳು ಸೇರುವ ಸೊನ್ನೆಗೆ) ಬಂದು ಸೇರುತ್ತದೆ. ಈಗ ಆ ತಪ್ಪು ಉತ್ತರವನ್ನೂ ಇಡಿಸಿ: 3ಕ್ಕೆ ಕೆಂಪು, 6ಕ್ಕೆ ಹಳದಿ (5), 9ಕ್ಕೆ ಕಂದು (8). ಇದೂ ಸರಳರೇಖೆಯೇ! ಆದರೆ ಅಡ್ಡ ಅಕ್ಷವನ್ನು 1ರಲ್ಲಿ ಮುಟ್ಟುತ್ತದೆ. ಅಂದರೆ ಒಂದು ಕ್ವಿಂಟಲ್ ಭತ್ತ ಹಾಕಿದರೆ ಅಕ್ಕಿ ಸೊನ್ನೆ. ಮಿಲ್ಲು ನೋಡಿದ ಯಾವ ಮಗುವೂ ಇದನ್ನು ಒಪ್ಪುವುದಿಲ್ಲ. ಸರಳರೇಖೆ ಬಂದ ಮಾತ್ರಕ್ಕೆ ನೇರ ಅನುಪಾತವಲ್ಲ, ರೇಖೆ ಮೂಲಬಿಂದುವಿನ ಮೂಲಕ ಹಾಯಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಸಾಮಗ್ರಿ ಅಪರೂಪ.

ಒಂದು ಎರಡರಷ್ಟಾದರೆ ಇನ್ನೊಂದು ಅರ್ಧವಾಗುವ ವಿಲೋಮ ಅನುಪಾತಕ್ಕೂ ಕಡ್ಡಿಗಳು ಬರುತ್ತವೆ. ಮೆಣಸಿನಕಾಯಿ ಹೊಲದ ಕಳೆಗೆ 4 ಆಳು, 6 ದಿನ: ನಾಲ್ಕು ಕಡುಹಸಿರು ಕಡ್ಡಿ ಒತ್ತಾಗಿ ಇಟ್ಟರೆ 24 ಚೌಕ. ಆಳು ಎಂಟಾದರೆ ಅಷ್ಟೇ ಜಾಗ ತುಂಬಲು ಎಂಟು ತಿಳಿಹಸಿರು ಬೇಕು, ಅಂದರೆ 3 ದಿನ.

ಮಾನ ಬದಲಿಸುವ ಲೆಕ್ಕದಲ್ಲಿ ಇವು ಕೈಕೊಡುತ್ತವೆ. 250 ಗ್ರಾಂ ಮತ್ತು 1 ಕೆ.ಜಿ.ಯ ಅನುಪಾತವನ್ನು 250:1 ಎಂದು ಬರೆಯುವ ಮಗುವಿಗೆ ಕಡ್ಡಿ ಏನೂ ಹೇಳದು. ಮೊದಲು ಎರಡನ್ನೂ ಗ್ರಾಂಗೆ ತಂದು 1:4 ಮಾಡುವುದನ್ನು ನೋಟ್‌ಬುಕ್ಕಿನಲ್ಲೇ ಕಲಿಸಬೇಕು. ಹಾಗೆಯೇ ಕಡ್ಡಿ ಇಟ್ಟ ಪ್ರತಿ ಸಲವೂ ಪಕ್ಕದಲ್ಲಿ ಕೋಷ್ಟಕ ಬರೆಸಿ. ಇಲ್ಲದಿದ್ದರೆ 45:30 ಎದುರಾದಾಗ ಮಗು ಕಡ್ಡಿ ಹುಡುಕುತ್ತ ಕೂರುತ್ತದೆ.

ರಾಯಚೂರು, ಬಳ್ಳಾರಿಯ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕರೆ ಪೆಟ್ಟಿಗೆ ಬಿಚ್ಚಿಸಿ, ಹತ್ತು ಬಿಳಿ ಕಡ್ಡಿಗಳನ್ನು ಒಂದು ಕಿತ್ತಳೆ (10) ಕಡ್ಡಿಗೆ ಹೊಂದಿಸಿ ನೋಡಿ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬೇಡ, ಗ್ರಾಫಿನಲ್ಲಿ ರೇಖೆ ಕೂಡುವುದಿಲ್ಲ. ಪ್ರತಿ ಸೆಂಟಿಮೀಟರಿಗೆ ಗೀರು ಇರುವ ಪ್ಲಾಸ್ಟಿಕ್ ಕಡ್ಡಿಗಿಂತ ಗೀರಿಲ್ಲದ್ದು ಮೇಲು: ಗೀರು ಕಂಡರೆ ಮಕ್ಕಳು ಹೋಲಿಸುವುದು ಬಿಟ್ಟು ಎಣಿಸತೊಡಗುತ್ತಾರೆ. ಎರಡು ಹಸಿರುಗಳು ಟ್ಯೂಬ್‌ಲೈಟ್ ಬೆಳಕಿನಲ್ಲೂ ಬೇರೆಬೇರೆ ಕಾಣುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.