ಹಾಸನದ ಬೂಸಾ ಅಂಗಡಿಯಲ್ಲಿ ಓಆರ್-ಟೂಲ್ಸ್

ನಮ್ಮದು ಹಾಸನದಲ್ಲಿ ಬೂಸಾ, ಹಿಂಡಿಯ ಹೋಲ್‌ಸೇಲ್ ಅಂಗಡಿ. ಶಾಂತಿಗ್ರಾಮ, ದುದ್ದ, ಗೊರೂರು, ಆಲೂರು, ಹಗರೆ, ಹಳೇಬೀಡು, ಬೇಲೂರು ಕಡೆಯ ಚಿಲ್ಲರೆ ಅಂಗಡಿಗಳಿಗೆ ಎರಡು ಟಾಟಾ ಏಸ್‌ನಲ್ಲಿ ಮಾಲು ಹೋಗುತ್ತದೆ. ಯಾವ ಗಾಡಿ ಎಲ್ಲಿಗೆ, ಯಾವ ಊರು ಮೊದಲು ಅನ್ನೋದನ್ನ ಈಗ ಗೂಗಲ್‌ನ ಓಆರ್-ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುತ್ತದೆ. ಮುಂಚೆ ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿ ಒಂದು ಆ್ಯಪ್ ಬಳಸುತ್ತಿದ್ದೆವು. ಅದು ಊರುಗಳನ್ನು ಸಾಲಾಗಿ ಜೋಡಿಸುತ್ತಿತ್ತು ಅಷ್ಟೇ. ಗಾಡಿಗೆ ಎಷ್ಟು ಚೀಲ ಹಿಡಿಯುತ್ತದೆ ಅಂತ ಕೇಳುತ್ತಲೇ ಇರಲಿಲ್ಲ. ಓಆರ್-ಟೂಲ್ಸ್ ಪುಕ್ಕಟೆ. ಓಪನ್ ಸೋರ್ಸ್, ಅಪಾಚೆ 2.0 ಲೈಸೆನ್ಸ್. ವ್ಯಾಪಾರಕ್ಕೂ ಬಳಸಬಹುದು.

ಆದರೆ ಇದು ಆ್ಯಪ್ ಅಲ್ಲ. ಒತ್ತೋಕೆ ಬಟನ್ ಇಲ್ಲ, ನೋಡೋಕೆ ಮ್ಯಾಪ್ ಇಲ್ಲ. ಪೈಥಾನ್, ಜಾವಾ ಇಂಥ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆಯೋರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಲೆಕ್ಕ ಎಷ್ಟು ದೊಡ್ಡದು ಅಂದರೆ, 10 ಅಂಗಡಿಗೆ ಹೋಗುವ ಕ್ರಮಗಳೇ 36,28,800 ಇವೆ. 15 ಆದರೆ 1.3 ಲಕ್ಷ ಕೋಟಿ ದಾಟುತ್ತದೆ. ಎಲ್ಲವನ್ನೂ ನೋಡುತ್ತಾ ಕೂರೋಕಾಗಲ್ಲ ಅಲ್ವಾ? ಡಾಂಟ್ಸಿಗ್ ಮತ್ತು ರಾಮ್ಸರ್ ಅನ್ನುವ ಸಂಶೋಧಕರು ಇದನ್ನು 1959ರಲ್ಲಿ ಬಂಕ್‌ಗಳಿಗೆ ಪೆಟ್ರೋಲ್ ಸಾಗಿಸುವ ಟ್ಯಾಂಕರ್‌ಗಳ ಸಮಸ್ಯೆಯಾಗಿ ಬರೆದರು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಉಳಿತಾಯದ ಲೆಕ್ಕ ಕೊಟ್ಟರು. ನಮ್ಮ ದಾರಿಯಲ್ಲೇ ನೋಡಿ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಹಳೇಬೀಡು ಸುಮಾರು 30. ಬೇರೆ ಬೇರೆ ಹೋಗಿ ಬಂದರೆ ಒಟ್ಟು 140. ಬೇಲೂರಿನಿಂದ ಹಳೇಬೀಡಿಗೆ ಸುಮಾರು 16 ಕಿ.ಮೀ., ಹಾಗಾಗಿ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದರೆ 86. ಉಳಿದದ್ದು 54. ಹೀಗೆ ಪ್ರತಿ ಜೋಡಿಗೂ ಉಳಿತಾಯ ನೋಡಿ, ಜಾಸ್ತಿ ಉಳಿಯುವ ಜೋಡಿಯನ್ನು ಮೊದಲು ಸೇರಿಸುತ್ತಾ ಹೋಗುವುದು. ಓಆರ್-ಟೂಲ್ಸ್‌ನಲ್ಲಿ ಮೊದಲ ದಾರಿ ಹುಡುಕಲು ಇದನ್ನೂ ಆರಿಸಬಹುದು. ಆಮೇಲೆ ಊರುಗಳನ್ನು ಅದಲುಬದಲು ಮಾಡುತ್ತಾ ಇನ್ನೂ ಒಳ್ಳೆಯ ದಾರಿ ಹುಡುಕುತ್ತದೆ. ಸಿಕ್ಕ ದಾರಿಯಲ್ಲೇ ನಿಲ್ಲದೆ ಹುಡುಕುತ್ತಲೇ ಇರುವ 'ಗೈಡೆಡ್ ಲೋಕಲ್ ಸರ್ಚ್' ವಿಧಾನ ಆನ್ ಮಾಡಿ, ಜೊತೆಗೆ ಸಮಯದ ಮಿತಿ ಹಾಕಲೇಬೇಕು, ಇಲ್ಲದಿದ್ದರೆ ಅದು ನಿಲ್ಲಲ್ಲ. ನಾನು 30 ಸೆಕೆಂಡ್ ಇಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ದಾರಿಯೇ ಇಲ್ಲ ಅನ್ನುವ ಗ್ಯಾರಂಟಿ ಸಿಗಲ್ಲ. ನಮ್ಮ ವ್ಯಾಪಾರಕ್ಕೆ ಅದು ಬೇಕಾಗಿಯೂ ಇಲ್ಲ.

ನನಗೆ ತುಂಬಾ ಇಷ್ಟವಾದದ್ದು ಚೀಲದ ಲೆಕ್ಕ. ಒಂದು ಏಸ್‌ಗೆ 50 ಕೆಜಿಯ 15 ಚೀಲ ಅಂತ ಮಿತಿ ಕೊಟ್ಟಿದ್ದೇವೆ. ಅಪ್ಪ ಯಾವಾಗಲೂ ದಿಕ್ಕು ನೋಡಿ ಹಂಚುತ್ತಿದ್ದರು. ಬೇಲೂರು ರಸ್ತೆಯ ಊರೆಲ್ಲಾ ಒಂದೇ ಗಾಡಿಗೆ. ಎರಡು ಚೀಲ ಮಿಕ್ಕರೆ ಅದಕ್ಕೇ ಮತ್ತೊಂದು ಟ್ರಿಪ್. ಓಆರ್-ಟೂಲ್ಸ್ ಬೇಲೂರು, ಹಳೇಬೀಡಿನ ಮಾಲನ್ನು ಒಂದು ಗಾಡಿಗೆ ತುಂಬಿ, ಹಗರೆಯನ್ನು ಮಾತ್ರ ತೆಗೆದು ಶಾಂತಿಗ್ರಾಮ, ದುದ್ದದ ಗಾಡಿಗೆ ಹಾಕಿತು. ಆ ಗಾಡಿಯಲ್ಲಿ ಜಾಗ ಇತ್ತು, ಆ ಮೂರು ಊರಲ್ಲಿ ಹಾಸನಕ್ಕೆ ಹಗರೆಯೇ ಹತ್ತಿರ. ಅಪ್ಪ ಹಾಳೆ ಹಿಡಿದುಕೊಂಡು ಸುಮಾರು ಹೊತ್ತು ನೋಡಿದರು. "ಸರಿಯಾಗೈತೆ, ಹಿಂಗೇ ಕಳ್ಸು" ಅಂದರು.

ಸಮಯವನ್ನೂ ಹೇಳಬಹುದು. ಹಳ್ಳಿಯಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರು ವಾಪಸ್ ಹೋಗುವಾಗ ಪಕ್ಕದ ಅಂಗಡಿಯಲ್ಲಿ ಹಿಂಡಿ ತಗೊಂಡು ಹೋಗುತ್ತಾರೆ. ಆ ಹೊತ್ತಿಗೆ ಮಾಲು ಇರದಿದ್ದರೆ ವ್ಯಾಪಾರ ಹೋಯಿತು. ಅಂಥ ಅಂಗಡಿಗಳಿಗೆ 'ಏಳರೊಳಗೆ' ಅಂತ ಕೊಟ್ಟರೆ ದಾರಿ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಬಂದ ಪಟ್ಟಿಯನ್ನು ತಿರುಗಿಸಿ ಹಮಾಲರಿಗೆ ಕೊಡುತ್ತೇವೆ. ಕೊನೆಗೆ ಇಳಿಯುವ ಚೀಲ ಮೊದಲು ಒಳಗೆ ಹೋಗಬೇಕಲ್ಲ.

ದೂರದ ಪಟ್ಟಿ ಮಾತ್ರ ನಾವೇ ಕೊಡಬೇಕು, ಅದೂ ಪೂರ್ಣಾಂಕದಲ್ಲಿ. ಕಿಲೋಮೀಟರ್ ಬಿಟ್ಟು ಮೀಟರ್‌ನಲ್ಲಿ ಬರೆದರೆ ದಶಾಂಶದ ತಾಪತ್ರಯ ಇಲ್ಲ. ನೇರ ಗೆರೆಯ ದೂರ ನಮ್ಮ ಕಡೆ ನಡೆಯಲ್ಲ. ಹೇಮಾವತಿ ಹಿನ್ನೀರಿನ ಆಚೆ ದಡದ ಊರು ಕಣ್ಣಿಗೆ ಕಾಣುತ್ತದೆ, ಗಾಡಿ ಮಾತ್ರ ಸುತ್ತಿಕೊಂಡೇ ಹೋಗಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಓಎಸ್‌ಆರ್‌ಎಂ ಅನ್ನುವ ದಾರಿ ಲೆಕ್ಕದ ಸಾಫ್ಟ್‌ವೇರ್ ಓಡಿಸಿದರೆ ರಸ್ತೆಯ ದೂರವೇ ಸಿಗುತ್ತದೆ. ಅದರ ಮೇಲೆ ನಮ್ಮ ಡ್ರೈವರ್ ಮಾತು. "ಮಳೆ ಹಿಡಿದ ಮೇಲೆ ಆ ಕೆರೆ ಏರಿ ಮೇಲೆ ಲೋಡ್ ಗಾಡಿ ಬೇಡ ಸಾರ್, ಜಾರುತ್ತೆ." ಜೂನ್ ಬಂದರೆ ಆ ದಾರಿಯ ದೂರವನ್ನು ಬೇಕಂತಲೇ ಜಾಸ್ತಿ ಬರೆಯುತ್ತೇನೆ. ದಾರಿ ತಾನಾಗಿ ಬೇರೆ ಕಡೆ ತಿರುಗುತ್ತದೆ.

ಬೇಸರದ ವಿಷಯ ಒಂದಿದೆ. ಷರತ್ತುಗಳು ಒಂದಕ್ಕೊಂದು ಹೊಂದದಿದ್ದರೆ ಉತ್ತರವೇ ಬರಲ್ಲ. ಚೀಲ ಜಾಸ್ತಿಯಾಯಿತೋ, ಸಮಯ ಸಾಲದೋ ಅಂತ ಹೇಳಲ್ಲ, ಸುಮ್ನೆ ಖಾಲಿ ಬರುತ್ತದೆ. ಇದಕ್ಕೆ ದಾರಿ ಅಂದರೆ ಪ್ರತಿ ಅಂಗಡಿಗೂ 'ಬಿಟ್ಟರೆ ಇಷ್ಟು ದಂಡ' ಅಂತ ಬರೆಯುವುದು. ಆಗ ಹಿಡಿಸದ ಅಂಗಡಿಯನ್ನು ಬಿಟ್ಟು ಉಳಿದದ್ದಕ್ಕೆ ದಾರಿ ಕೊಡುತ್ತದೆ, ಯಾರು ಬಿಟ್ಟುಹೋದರು ಅಂತ ನಮಗೂ ಕಾಣುತ್ತದೆ. ಹಳೇ ಗಿರಾಕಿಗಳನ್ನು ಬಿಡದಿರಲಿ ಅಂತ ಅವರ ಅಂಗಡಿಗೆ ದಂಡ ಜಾಸ್ತಿ ಬರೆದಿದ್ದೇನೆ. ಬಿಟ್ಟುಹೋದವರಿಗೆ ಹಿಂದಿನ ದಿನವೇ ಫೋನ್ ಮಾಡಿ, ನಾಳಿದ್ದು ಬರುತ್ತೆ ಅಂತ ಹೇಳಿಬಿಡುತ್ತೇವೆ.